ನೋಡೋಕೆ ಎಲ್ಲಾ ಸ್ಟೀಲೇ!

ಹೋದ ತಿಂಗಳು ನಮ್ಮನೆಯಲ್ಲಿ ಒಂದು ಸಣ್ಣ ಪಂಚಾಯ್ತಿ ನಡೆಯಿತು. ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಸೊಸೆ ಜಾಡಿಯಿಂದ ತೆಗೆದು ಒಂದು ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದಳು. ಊಟದ ಮೇಜಿನ ಮೇಲೆ ಜಾಡಿ ಭಾರ, ಡಬ್ಬಿಯಾದರೆ ಹಗುರ ಅಂತ. ಎಂಟು ತಿಂಗಳಾದ ಮೇಲೆ ಡಬ್ಬಿ ಖಾಲಿಯಾಗಿ ತೊಳೆದು ನೋಡಿದರೆ ತಳದಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಐದಾರು ಕಪ್ಪು ಚುಕ್ಕಿ. ಕಿಟಕಿಗೆ ಹಿಡಿದರೆ ಒಂದು ಚುಕ್ಕಿಯಲ್ಲಿ ಆಚೆಯ ಬೆಳಕೇ ಕಾಣ್ತಿತ್ತು.

"ಸ್ಟೇನ್‌ಲೆಸ್ ಸ್ಟೀಲ್ ಅಂತ ಹೇಳಿ ಕೊಟ್ಟಿದ್ದ. ಅಂಗಡಿಯವನು ಮೋಸ ಮಾಡಿದ ಅಲ್ವಾ ಮಾವ?" ಎಂದಳು.

ನನ್ನ ಆಯಿ ಬದುಕಿದ್ದಿದ್ದರೆ ಅಂಗಡಿಯವನನ್ನು ಬಯ್ಯುತ್ತಿರಲಿಲ್ಲ, ನಮ್ಮನ್ನೇ ಬಯ್ಯುತ್ತಿದ್ದಳು. "ಉಪ್ಪಿನಕಾಯಿಗೆ ಸ್ಟೀಲು ಆಗ್ತಿಲ್ಲೆ ತಮಾ" ಅನ್ನೋದು ಅವಳ ಮಾತು. ಶಿರಸಿ ಸೀಮೆಯ ನಮ್ಮ ಅಡುಗೆಮನೆಯಲ್ಲಿ ಯಾವುದಕ್ಕೆ ಯಾವ ಪಾತ್ರೆ ಅನ್ನೋದಕ್ಕೆ ಲೆಕ್ಕವಿತ್ತು. ಉಪ್ಪಿನಕಾಯಿಗೆ ಭರಣಿ. ಹುಳಿ ಪದಾರ್ಥಕ್ಕೆ ಕಲ್ಲಮರಿಗೆ. ಹಿತ್ತಾಳೆ ಪಾತ್ರೆಯಲ್ಲಿ ಸಾರು ಕುದಿಸೋದಾದರೆ ಒಳಗೆ ಕಲಾಯಿ ಇರಲೇಬೇಕು, ಇಲ್ಲವಾದರೆ ಕಿಲುಬು ಹತ್ತಿ ಊಟ ಕೆಡುತ್ತಿತ್ತು. ವರ್ಷಕ್ಕೊಮ್ಮೆ ಕಲಾಯಿಯವನು ಬಂದು ಅಂಗಳದಲ್ಲಿ ಕುಲುಮೆ ಹೂಡಿ, ನವಸಾಗರದ ಬಿಳಿ ಹೊಗೆ ಎಬ್ಬಿಸಿ, ತವರದಿಂದ ಪಾತ್ರೆಯ ಒಳಗೆಲ್ಲ ಒರೆಸಿದರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ನಾವು ಮಕ್ಕಳು ಶಾಲೆ ತಪ್ಪಿಸಿ ಅದನ್ನು ನೋಡ್ತಾ ಕೂರ್ತಿದ್ದೆವು.

ಮುಂದೆ ಅದೇ ನನ್ನ ಅನ್ನದ ದಾರಿಯಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಮುಗಿಸಿ ಗುಜರಾತಿನ ಅಂಕಲೇಶ್ವರಕ್ಕೆ ಹೋದೆ. ಬಟ್ಟೆಯ ಬಣ್ಣಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಮೂವತ್ತು ವರ್ಷ ಕಳೆದೆ. ಅಲ್ಲಿಯ ಪ್ರಶ್ನೆಯೂ ಆಯಿಯ ಪ್ರಶ್ನೆಯೇ: ಯಾವ ಹುಳಿಗೆ ಯಾವ ಪಾತ್ರೆ?

ಚುಕ್ಕಿ ಬೀಳೋದು ಹೇಗೆ?

ಸೊಸೆಗೆ ಹೇಳಿದ್ದನ್ನೇ ನಿಮಗೂ ಹೇಳ್ತೇನೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದಕ್ಕೆ ಕಾರಣ ಅದರಲ್ಲಿರುವ ಕ್ರೋಮಿಯಂ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಲೋಹದ ಮೈಮೇಲೆ ಒಂದು ತೆಳ್ಳನೆಯ ಪೊರೆ ಕಟ್ಟುತ್ತದೆ. ಎಷ್ಟು ತೆಳು ಅಂದರೆ ಕೆಲವೇ ನ್ಯಾನೋಮೀಟರ್. ಕೂದಲಿನ ದಪ್ಪದ ಹತ್ತಾರು ಸಾವಿರದಲ್ಲಿ ಒಂದು ಪಾಲು. ಗೀರು ಬಿದ್ದರೆ ಪೊರೆ ಮತ್ತೆ ತಾನಾಗಿಯೇ ಬೆಳೆಯುತ್ತದೆ. ಕಲಾಯಿಯವನನ್ನು ಕರೆಯುವ ಕೆಲಸವಿಲ್ಲ.

ಈ ಪೊರೆಯ ಶತ್ರು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ಪೊರೆಯ ದುರ್ಬಲ ಜಾಗವನ್ನು ಹುಡುಕಿ ಅಲ್ಲೊಂದು ಚುಕ್ಕಿಯಷ್ಟು ಒಡೆಯುತ್ತದೆ. ಒಡೆದ ಗುಳಿಯೊಳಗೆ ಗಾಳಿ ಹೋಗದೆ ಪೊರೆ ಮತ್ತೆ ಕಟ್ಟುವುದಿಲ್ಲ. ಒಳಗಿನ ರಸ ಇನ್ನಷ್ಟು ಆಮ್ಲವಾಗುತ್ತಾ ಹೋಗುತ್ತದೆ. ಮೇಲೆ ಫಳಫಳ ಹೊಳೆಯುವ ಡಬ್ಬಿ ಒಳಗೊಳಗೇ ತೂತಾಗುವುದು ಹೀಗೆ. ನಮ್ಮ ಅಪ್ಪೆಮಿಡಿಯಲ್ಲಿ ಉಪ್ಪೂ ಇತ್ತು, ಹುಳಿಯೂ ಇತ್ತು.

ಕಾರ್ಖಾನೆಯಲ್ಲಿ ಉಪ್ಪಿನಕಾಯಿಯ ಜಾಗದಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಅದೂ ಬಿಸಿಬಿಸಿ. ಅದರ ಮುಂದೆ ಸ್ಟೀಲ್ ಚುಕ್ಕಿ ಬೀಳುವುದಿಲ್ಲ, ಬೆಲ್ಲದ ಹಾಗೆ ಕರಗಿಯೇ ಹೋಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತಿದ್ದೆ. ಆದರೆ ಮೈಗೆ ಹತ್ತುವ ಹಾಗೆ ಕಲಿತದ್ದು ಬೇರೆ ರೀತಿ.

ಆ ಎಲ್ಬೋ

ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಮಳೆಗಾಲದ ಶಟ್‌ಡೌನ್. ರಿಯಾಕ್ಟರಿನಿಂದ ಕಂಡೆನ್ಸರಿಗೆ ಹೋಗುವ ಎರಡು ಇಂಚಿನ ಪೈಪಿನಲ್ಲಿ ಒಂದು ಎಲ್ಬೋ, ಅಂದರೆ ತಿರುವಿನ ತುಂಡು, ಬದಲಿಸಬೇಕಿತ್ತು. ಆ ಲೈನ್ ಪೂರ್ತಿ ಹ್ಯಾಸ್ಟೆಲಾಯ್ ಸಿ-276 ಎಂಬ ನಿಕಲ್ ಮಿಶ್ರಲೋಹದ್ದು. ಬೆಲೆ ಸ್ಟೀಲಿನ ಹಲವು ಪಟ್ಟು. ಅದಕ್ಕೇ ಸ್ಟೋರಿನಲ್ಲಿ ಪ್ರತಿಯೊಂದು ತುಂಡಿನ ಮೇಲೂ ಒಂದು ಬಣ್ಣದ ಗೆರೆ ಮತ್ತು ಅದು ಯಾವ ಎರಕದಿಂದ ಬಂತು ಅಂತ ತಿಳಿಸುವ ಹೀಟ್ ನಂಬರ್ ಇರುತ್ತಿತ್ತು.

ರಾತ್ರಿ ಹನ್ನೊಂದಕ್ಕೆ ಸ್ಟೋರಿನಿಂದ ಬಂದ ತುಂಡಿನ ಮೇಲೆ ಬಣ್ಣದ ಗೆರೆ ಇರಲಿಲ್ಲ. ನಂಬರ್ ಉಜ್ಜಿ ಅಳಿಸಿದ ಹಾಗಿತ್ತು. ನಾನು ಅದನ್ನು ನೋಡಿದೆ. "ಅದೇ ಕಪಾಟಿನಿಂದ ತೆಗೆದಿದ್ದು ಸಾಬ್" ಅಂದರು. ಬೆಳಗ್ಗೆ ಆರಕ್ಕೆ ಪ್ಲಾಂಟ್ ಶುರುವಾಗಬೇಕಿತ್ತು. ಮೇಲಿನವರು ಎರಡು ಸಲ ಫೋನ್ ಮಾಡಿದ್ದರು. ಚೀಟಿಗೆ ಸಹಿ ಹಾಕಿದೆ.

ಹನ್ನೊಂದನೇ ದಿನ ಆ ಎಲ್ಬೋ ತೂತಾಯಿತು. ಕೆಳಗೆ ಕಾಂಟ್ರಾಕ್ಟ್ ಹೆಲ್ಪರ್ ಒಬ್ಬ ಪಂಪಿನ ಬೋಲ್ಟ್ ಬಿಗಿ ಮಾಡುತ್ತಿದ್ದ. ಇಪ್ಪತ್ತರ ಹುಡುಗ. ಬೆವರು ಒರೆಸಿಕೊಳ್ಳಲು ಕನ್ನಡಕವನ್ನು ಹಣೆಗೆ ಏರಿಸಿದ್ದನಂತೆ. ಜೊತೆಯವರು ಎಳೆದೊಯ್ದು ಶವರಿನ ಕೆಳಗೆ ನಿಲ್ಲಿಸಿದರು. ನಾನು ಓಡಿ ಬರುವಷ್ಟರಲ್ಲಿ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನೀರಿನಲ್ಲಿ ಕೂತಿದ್ದ. ಬಲಗಣ್ಣು ಉಳಿಯಿತು. ಎಡಗಣ್ಣಿನ ದೃಷ್ಟಿ ಹೋಯಿತು.

ಬಿಚ್ಚಿ ತಂದ ಎಲ್ಬೋದ ಒಂದು ಪಕ್ಕ ಕಾಗದದಷ್ಟು ತೆಳ್ಳಗಾಗಿತ್ತು. ಲ್ಯಾಬಿನಿಂದ ಬಂದ ಉತ್ತರ: 316 ಸ್ಟೇನ್‌ಲೆಸ್ ಸ್ಟೀಲ್. ಅಳತೆ ಒಂದೇ, ಹೊಳಪು ಒಂದೇ. ಆಯಸ್ಕಾಂತ ಎರಡಕ್ಕೂ ಹಿಡಿಯುವುದಿಲ್ಲ. ಆಮೇಲೆ ಸ್ಟೋರಿನ ತಕ್ಕಡಿಯಲ್ಲಿ ಹೊಸ ತುಂಡುಗಳೆರಡನ್ನೂ ಇಟ್ಟು ನೋಡಿದೆವು. ಹ್ಯಾಸ್ಟೆಲಾಯ್ ಹತ್ತರಲ್ಲಿ ಒಂದು ಪಾಲು ಹೆಚ್ಚು ತೂಗಿತು. ಅಷ್ಟೇ ವ್ಯತ್ಯಾಸ. ಕೈಯಲ್ಲಿ ಹಿಡಿದರೆ ಗೊತ್ತಾಗುವಂಥದ್ದಲ್ಲ.

ವಿಚಾರಣೆಯಲ್ಲಿ "ಸ್ಟೋರಿನಲ್ಲಿ ಸಾಮಗ್ರಿ ಅದಲುಬದಲು" ಅಂತ ಬರೆದರು. ನನ್ನ ಸಹಿಯ ಬಗ್ಗೆ ಯಾರೂ ಕೇಳಲಿಲ್ಲ. ಗೆರೆ ಇಲ್ಲದ್ದನ್ನು ನೋಡಿಯೂ ಸಹಿ ಹಾಕಿದೆ ಅಂತ ನಾನಾಗಿ ಹೇಳಲೂ ಇಲ್ಲ. ಮನೆಯಲ್ಲಿ ಹೆಂಡತಿಗೆ ಹೇಳಿದ್ದೂ ಎಷ್ಟೋ ವರ್ಷದ ಮೇಲೆ.

ಮೋಸದ ದೆವ್ವ

ಹಾಗಾದರೆ ಈ ನಿಕಲ್‌ನಲ್ಲಿ ಅಂಥದ್ದೇನಿದೆ? ಹೆಸರಿನಲ್ಲೇ ಮೋಸ ಇದೆ. ಜರ್ಮನಿಯ ಗಣಿ ಕಾರ್ಮಿಕರಿಗೆ ತಾಮ್ರದ ಹಾಗೆ ಕೆಂಪಗೆ ಕಾಣುವ ಒಂದು ಅದಿರು ಸಿಗುತ್ತಿತ್ತು. ಎಷ್ಟು ಕಾಸಿದರೂ ಅದರಿಂದ ತಾಮ್ರ ಬರುತ್ತಿರಲಿಲ್ಲ. ಇದು ನಿಕಲ್ ಎಂಬ ತುಂಟ ದೆವ್ವದ ಕೆಲಸ ಅಂತ ಅದಿರಿಗೆ ಬೈಗುಳದ ಹೆಸರಿಟ್ಟರು. 1751ರಲ್ಲಿ ಸ್ವೀಡನ್ನಿನ ಆಕ್ಸೆಲ್ ಕ್ರೋನ್‌ಸ್ಟೆಟ್ ಎಂಬಾತ ಅಂಥ ಅದಿರಿನಿಂದ ಹೊಸ ಲೋಹವನ್ನೇ ಬೇರ್ಪಡಿಸಿದ. ದೆವ್ವದ ಹೆಸರು ಲೋಹಕ್ಕೆ ಉಳಿಯಿತು.

ನಿಕಲ್‌ನ ದೊಡ್ಡ ಗುಣ ಅಂದರೆ ಕೂಡು ಕುಟುಂಬದ ಹಿರಿಯನ ಹಾಗೆ, ಯಾರನ್ನಾದರೂ ಜೊತೆಗೆ ಸೇರಿಸಿಕೊಳ್ಳುತ್ತದೆ. ಸೇರುವವರು ಯಾರು ಅನ್ನೋದರ ಮೇಲೆ ಗುಣ ಬದಲಾಗುತ್ತದೆ.

ಒಬ್ಬನೇ ಇದ್ದರೆ, ಅಂದರೆ ಶುದ್ಧ ನಿಕಲ್ ಆಗಿದ್ದರೆ, ಕಾಸ್ಟಿಕ್ ಸೋಡಕ್ಕೆ ಜಗ್ಗುವುದಿಲ್ಲ. ನಮ್ಮ ಜಿಲ್ಲೆಯವರು ಕಾರವಾರ ಹತ್ತಿರದ ಬಿಣಗಾದ ಕಾಸ್ಟಿಕ್ ಸೋಡ ಕಾರ್ಖಾನೆಯ ಹೆಸರು ಕೇಳಿರ್ತೀರಿ. ಕಾಸ್ಟಿಕ್ಕನ್ನು ಬತ್ತಿಸಿ ಗಟ್ಟಿ ಮಾಡುವಾಗ ಬೇರೆ ಲೋಹಗಳು ತಡೆಯುವುದು ಕಷ್ಟ. ಅಂಥ ಕಡೆ ನಿಕಲ್ ಪಾತ್ರೆ, ನಿಕಲ್ ಪೈಪು ಬಳಸುವುದು ರೂಢಿ.

ತಾಮ್ರ ಸೇರಿದರೆ ಮೋನೆಲ್. ಮೂರರಲ್ಲಿ ಎರಡು ಪಾಲು ನಿಕಲ್, ಉಳಿದದ್ದು ಹೆಚ್ಚುಕಡಿಮೆ ತಾಮ್ರ. 1905ರ ಸುಮಾರಿಗೆ ಬಂದ ಇದಕ್ಕೆ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯ ಅಧ್ಯಕ್ಷ ಆಂಬ್ರೋಸ್ ಮೋನೆಲ್ ಅವರ ಹೆಸರು. ಸಮುದ್ರದ ನೀರಿಗೂ, ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಸಿಡ್‌ಗೂ ಇದು ತಡೆಯುತ್ತದೆ.

ಮಾಲಿಬ್ಡಿನಂ ಹೆಚ್ಚಾಗಿ ಸೇರಿದರೆ ಹ್ಯಾಸ್ಟೆಲಾಯ್ ಬಿ. ಅಮೆರಿಕದ ಇಂಡಿಯಾನಾದ ಕೊಕೊಮೋ ಊರಿನಲ್ಲಿ ಎಲ್ವುಡ್ ಹೇನ್ಸ್ ಕಟ್ಟಿದ ಕಂಪನಿಯ ಕೂಸು. ಹೇನ್ಸ್, ಸ್ಟೆಲೈಟ್, ಅಲಾಯ್ ಈ ಮೂರನ್ನೂ ಸೇರಿಸಿ ಇಟ್ಟ ಹೆಸರು. ಶುದ್ಧವಾದ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಇಂಥದ್ದು ಇನ್ನೊಂದು ಸಿಗುವುದು ಅಪರೂಪ. ಆದರೆ ಅದೇ ಆಸಿಡ್‌ನಲ್ಲಿ ಎಲ್ಲಿಂದಲೋ ಸ್ವಲ್ಪ ಕಬ್ಬಿಣದ ತುಕ್ಕು ಬೆರೆತರೆ ಬೇಗ ಸವೆದುಹೋಗುತ್ತದೆ, ಯಾಕಂದರೆ ರಕ್ಷಣೆಗೆ ಪೊರೆ ಕಟ್ಟುವ ಕ್ರೋಮಿಯಂ ಅದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದುಬಾರಿಯದ್ದು ಹಾಕಿದರೆ ಸಾಕು ಅನ್ನುವವರಿಗೆ ನಾನು ಯಾವಾಗಲೂ ಇದನ್ನೇ ಹೇಳ್ತಿದ್ದೆ.

ಕ್ರೋಮಿಯಂ, ಮಾಲಿಬ್ಡಿನಂ ಎರಡೂ ಸೇರಿ, ಜೊತೆಗೆ ಒಂದಿಷ್ಟು ಟಂಗ್‌ಸ್ಟನ್ ಇದ್ದರೆ ಅದು ಸಿ ಬಳಗ. ಸಿ-276ರಲ್ಲಿ ಅರ್ಧಕ್ಕಿಂತ ಹೆಚ್ಚು ನಿಕಲ್, ಕ್ರೋಮಿಯಂ ಮತ್ತು ಮಾಲಿಬ್ಡಿನಂ ತಲಾ ನೂರಕ್ಕೆ 16ರಷ್ಟು. ಆಸಿಡ್‌ನ ಗುಣ ಆಚೀಚೆ ಆದರೂ ಸಂಭಾಳಿಸುವ ಲೋಹ. ಹಳೆಯ ಸಿ ಲೋಹಕ್ಕೆ ಒಂದು ಕಾಯಿಲೆ ಇತ್ತು. ವೆಲ್ಡಿಂಗ್ ಮಾಡಿದ ಪಕ್ಕದಲ್ಲಿ, ಕಾವಿಗೆ ಕಾರ್ಬನ್ನು ಬಂದು ಕ್ರೋಮಿಯಂ, ಮಾಲಿಬ್ಡಿನಂಗಳನ್ನು ಕಟ್ಟಿಹಾಕಿ, ಸುತ್ತಲ ಜಾಗ ಬಡವಾಗಿ, ಅಲ್ಲೇ ಸವೆಯುತ್ತಿತ್ತು. 1960ರ ದಶಕದಲ್ಲಿ ಕಾರ್ಬನ್ ಮತ್ತು ಸಿಲಿಕಾನ್ ತೀರಾ ಕಡಿಮೆ ಮಾಡಿ ಸಿ-276 ತಂದ ಮೇಲೆ ಆ ತೊಂದರೆ ತಗ್ಗಿತು.

ನಿಕಲ್ ಜಾಸ್ತಿ ಇದ್ದರೆ ಇನ್ನೊಂದು ಲಾಭವಿದೆ. ಬಿಸಿ ಉಪ್ಪುನೀರಿನಲ್ಲಿ ಎಳೆತಕ್ಕೆ ಸಿಕ್ಕ ಸ್ಟೀಲ್ ಒಂದು ದಿನ ಇದ್ದಕ್ಕಿದ್ದಂತೆ ಕೂದಲೆಳೆಯ ಹಾಗೆ ಬಿರುಕು ಬಿಡುತ್ತದೆ. ತಮಾಷೆ ಅಂದರೆ ಈ ಬಿರುಕಿಗೆ ಅತಿ ಸುಲಭವಾಗಿ ಸಿಕ್ಕಿಬೀಳುವುದು ನೂರಕ್ಕೆ 8ರ ಆಸುಪಾಸು ನಿಕಲ್ ಇರುವ ಲೋಹ, ಅಂದರೆ ಎಲ್ಲೆಡೆ ಬಳಸುವ 304 ಸ್ಟೀಲ್! ನಿಕಲ್ ನಲವತ್ತೈದು ದಾಟಿದರೆ ಆ ಭಯ ಬಹುಮಟ್ಟಿಗೆ ಇಲ್ಲ.

ಬಂದೂಕು ಬಂತು

ಆ ಘಟನೆಯ ನಂತರ ಬಣ್ಣದ ಗೆರೆ ಇಲ್ಲದ ತುಂಡನ್ನು ನಾನು ಮುಟ್ಟಲಿಲ್ಲ. ಸಂಶಯ ಬಂದರೆ ಗ್ರೈಂಡರಿಗೆ ಹಿಡಿದು ಕಿಡಿ ನೋಡುತ್ತಿದ್ದೆವು. ಸ್ಟೀಲಿನ ಕಿಡಿ ಉದ್ದ, ನಿಕಲ್ ಮಿಶ್ರಲೋಹದ ಕಿಡಿ ಗಿಡ್ಡ, ಮಂಕು ಕೆಂಪು. ಅನುಭವ ಇದ್ದವರಿಗೆ ಮಾತ್ರ ತಿಳಿಯುವ ಉಪಾಯ ಅದು.

ಎಷ್ಟೋ ವರ್ಷದ ಮೇಲೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಬಂತು. ನೋಡಲು ಥೇಟ್ ಬಂದೂಕು. ಲೋಹಕ್ಕೆ ತಾಗಿಸಿ ಗುಂಡಿ ಒತ್ತಿದರೆ ಒಳಗಿನ ಪ್ರತಿ ಧಾತುವೂ ತನ್ನದೇ ಗುರುತಿನ ಕಿರಣವನ್ನು ವಾಪಸ್ ಕೊಡುತ್ತದೆ. ಕೆಲವೇ ಸೆಕೆಂಡಿನಲ್ಲಿ ಪರದೆಯ ಮೇಲೆ ನಿಕಲ್ ಎಷ್ಟು, ಮಾಲಿಬ್ಡಿನಂ ಎಷ್ಟು ಅಂತ ಬರುತ್ತದೆ. ಕಾರ್ಬನ್ ಮಾತ್ರ ಅದಕ್ಕೆ ಕಾಣದು. ಆ ಯಂತ್ರ ಮೊದಲ ಸಲ ಕೈಗೆ ಬಂದ ದಿನ ಎಲ್ಲರೂ ಮಕ್ಕಳ ಹಾಗೆ ಉಂಗುರ, ಗಡಿಯಾರ ಹಿಡಿದು ನೋಡಿದರು. ನಾನು ನನ್ನ ಊಟದ ಡಬ್ಬಿ ಹಿಡಿದೆ. ನಿಕಲ್ ಒಂದು ಚೂರು, ಮ್ಯಾಂಗನೀಸ್ ಜಾಸ್ತಿ. ನಿಕಲ್ ದುಬಾರಿ ಅಂತ ಅದರ ಬದಲು ಮ್ಯಾಂಗನೀಸ್ ಸೇರಿಸಿ ಮಾಡುವ 200 ಸರಣಿಯ ಸ್ಟೀಲ್ ಅದು. ನಮ್ಮ ದೇಶದ ಪಾತ್ರೆ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಮೊಸರನ್ನ, ಚಪಾತಿಗೆ ಸಾಕು. ಉಪ್ಪಿನಕಾಯಿಗೆ ಅಲ್ಲ. ಸೊಸೆಯ ಡಬ್ಬಿಯೂ ಬಹುಶಃ ಅದೇ ಜಾತಿ. ಹಾಗಾಗಿ ಅಂಗಡಿಯವನದು ಮೋಸ ಅನ್ನಲಾರೆ, ಅದೂ ಸ್ಟೇನ್‌ಲೆಸ್ಸೇ.

ಇನ್ನು ಆ ಹುಡುಗ. ಪರಿಹಾರ ಸಿಕ್ಕಿತು. ಆರು ತಿಂಗಳ ಮೇಲೆ ಅವನಿಗೆ ಸ್ಟೋರಿನಲ್ಲೇ ಸಾಮಾನು ಕೊಡುವ ಕೆಲಸ ಹಾಕಿಕೊಟ್ಟರು. ಮೊದಲ ದಿನ ಅವನೆದುರು ಚೀಟಿ ಹಿಡಿದು ನಿಲ್ಲಲು ನನಗೆ ಕಾಲು ಬರಲಿಲ್ಲ. ಒಂದು ಸಂಜೆ ಶಿಫ್ಟ್ ಮುಗಿದ ಮೇಲೆ ಚಹಾದಂಗಡಿಯಲ್ಲಿ ಕೂತು ಆ ರಾತ್ರಿಯ ವಿಷಯ ಪೂರ್ತಿ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗೊತ್ತಿತ್ತು ಸಾಬ್. ಚೀಟಿ ಈಗ ನನ್ನ ಕಪಾಟಿನಲ್ಲೇ ಇದೆ" ಅಂದ. ನಾನು ನಿವೃತ್ತನಾಗುವವರೆಗೂ, ತುಂಡಿನ ಗೆರೆ ತೋರಿಸಿ ನಂಬರನ್ನು ಗಟ್ಟಿಯಾಗಿ ಓದಿ ಹೇಳದೆ ಅವನು ನನಗೆ ಒಂದು ಬೋಲ್ಟನ್ನೂ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಅರ್ಧ ಕರಗಿದ ಆ ಎಲ್ಬೋ ಈಗ ನಮ್ಮನೆಯ ಅಟ್ಟದ ಮೇಲೆ, ಆಯಿಯ ಭರಣಿಗಳ ಪಕ್ಕದಲ್ಲಿದೆ. ತೂತು ಬಿದ್ದ ಡಬ್ಬಿಯನ್ನೂ ಸೊಸೆ ಎಸೆಯಲಿಲ್ಲ, ಅದರ ಜೊತೆಗೇ ಇಟ್ಟಿದ್ದಾಳೆ.

ಮನೆಯಲ್ಲಿ ಇಷ್ಟು ನೆನಪಿರಲಿ

* ಉಪ್ಪಿನಕಾಯಿ, ಹುಣಸೆರಸ, ಉಪ್ಪುನೀರಿನಲ್ಲಿ ಹಾಕಿಟ್ಟ ಪದಾರ್ಥಗಳಿಗೆ ಗಾಜು ಅಥವಾ ಪಿಂಗಾಣಿ ಜಾಡಿಯೇ ಸರಿ. ಸ್ಟೀಲಿನಲ್ಲಿ ಒಂದು ಹೊತ್ತಿನ ಮಟ್ಟಿಗೆ ತೊಂದರೆಯಿಲ್ಲ, ತಿಂಗಳುಗಟ್ಟಲೆ ಬೇಡ.

* ಸ್ಟೀಲ್ ಪಾತ್ರೆಗೆ ಉಪ್ಪು ಹಾಕುವುದಾದರೆ ನೀರು ಕುದಿ ಬಂದ ಮೇಲೆ ಹಾಕಿ ಕದಡಿ. ತಣ್ಣೀರಿನ ತಳದಲ್ಲಿ ಕೂತ ಉಪ್ಪು ಚುಕ್ಕಿ ಬೀಳಿಸುತ್ತದೆ.

* ಬಚ್ಚಲು ತೊಳೆಯುವ ಆಸಿಡ್ ಸ್ಟೀಲ್ ಸಿಂಕ್, ನಲ್ಲಿಗಳಿಗೆ ತಾಗದಿರಲಿ. ಅದನ್ನು ಬ್ಲೀಚಿಂಗ್ ಪೌಡರ್ ಜೊತೆ ಎಂದೂ ಸೇರಿಸಬೇಡಿ, ವಿಷದ ಕ್ಲೋರಿನ್ ಗಾಳಿ ಬರುತ್ತದೆ.

* ಕಣ್ಣಿಗೆ ಆಸಿಡ್ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು, ಹರಿಯುವ ನೀರಿನಲ್ಲಿ ಕಡಿಮೆಯೆಂದರೂ 15 ನಿಮಿಷ ತೊಳೆದು, ಕೂಡಲೇ ವೈದ್ಯರ ಬಳಿ ಹೋಗಿ.

* ಮಗನೋ ಮಗಳೋ ಇಂಥ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರೆ ಒಂದು ಮಾತು ಹೇಳಿಡಿ: ಗುರುತಿಲ್ಲದ ತುಂಡಿಗೆ, ಎಷ್ಟೇ ಅವಸರವಿದ್ದರೂ, ಸಹಿ ಹಾಕಬಾರದು.