ಒಪ್ಪಿಗೆಯನ್ನು ಯಾವ ಭಾಷೆಯಲ್ಲಿ ಕೇಳಬೇಕು? ಉತ್ಪಾದಕ ಕೃತಕ ಬುದ್ಧಿಮತ್ತೆಯ ಧ್ವನಿ ದತ್ತಾಂಶ ಮತ್ತು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ಉತ್ಪಾದಕ ಕೃತಕ ಬುದ್ಧಿಮತ್ತೆಗೆ ಬಳಸುವ ದತ್ತಾಂಶದ ನಿಯಂತ್ರಣವನ್ನು ಕಾನೂನು ತಜ್ಞರ ಮತ್ತು ಗಣಕತಜ್ಞರ ವಿಷಯವೆಂದು ನಾವು ಭಾಷಾವಿಜ್ಞಾನಿಗಳು ಬಹುಮಟ್ಟಿಗೆ ಬಿಟ್ಟುಕೊಟ್ಟಿದ್ದೇವೆ. ಆದರೆ ಧ್ವನಿಮುದ್ರಿಕೆಗೆ ಯಾವ ಭಾಷೆಯ ಹೆಸರು ಕೊಡಬೇಕು, ಯಾವ ಊರಿನ ಗುರುತು ಹಚ್ಚಬೇಕು, ಮಾತನಾಡಿದವರ ಒಪ್ಪಿಗೆಯನ್ನು ಯಾವ ನುಡಿಯಲ್ಲಿ ಪಡೆಯಬೇಕು ಎಂಬವು ಮೂಲತಃ ಭಾಷಾವೈಜ್ಞಾನಿಕ ಪ್ರಶ್ನೆಗಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಇವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಕೂಡಿ ನಡೆಸುತ್ತಿರುವ 'ವಾಣಿ' ಯೋಜನೆಯು ಮಾತಿನ ಸಂಗ್ರಹಕ್ಕೆ ಜಿಲ್ಲೆಯನ್ನು ಘಟಕವಾಗಿ ಆರಿಸಿಕೊಂಡಿದೆ. ರಾಜ್ಯವೊಂದಕ್ಕೆ ಒಂದೇ ಭಾಷೆಯೆಂದು ಭಾವಿಸುವ ಕ್ರಮಕ್ಕಿಂತ ಇದು ಖಂಡಿತ ಮೇಲು. ಆದರೂ ದಾವಣಗೆರೆ 1997ರಲ್ಲಿ ಹುಟ್ಟಿದ ಜಿಲ್ಲೆ. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂದಿತು. ನ್ಯಾಮತಿ ಅನಂತರ ಹೊನ್ನಾಳಿಯಿಂದ ಬೇರ್ಪಟ್ಟಿತು. ಅಡಿಕೆ ತೋಟಗಳ ಚನ್ನಗಿರಿಯ ಮಾತಿಗೂ ಮಳೆಯಾಶ್ರಿತ ಜಗಳೂರಿನ ಮಾತಿಗೂ 'ದಾವಣಗೆರೆ' ಎಂಬ ಒಂದೇ ಚೀಟಿ ಅಂಟಿಸಿದರೆ ಉಪಭಾಷೆಯ ಬದಲು ಆಡಳಿತದ ಗಡಿಯನ್ನು ದಾಖಲಿಸಿದಂತಾಗುತ್ತದೆ. ಹಾಗೆಂದು ಗುರುತನ್ನು ಊರಿನ ಮಟ್ಟಕ್ಕೆ ಇಳಿಸುವುದೂ ನಿರಪಾಯಕರವಲ್ಲ. ಸಣ್ಣದೊಂದು ತಾಂಡಾದ ಹೆಸರು, ವಯಸ್ಸು, ಲಿಂಗ ಈ ಮೂರೂ ಸೇರಿದರೆ ಮಾತನಾಡಿದವರು ಯಾರೆಂದು ನೆರೆಯವರು ಸುಲಭವಾಗಿ ಹೇಳಬಲ್ಲರು. ಉಪಭಾಷಾಶಾಸ್ತ್ರಕ್ಕೆ ಬೇಕಾದ ಸೂಕ್ಷ್ಮತೆಯೇ ಖಾಸಗಿತನಕ್ಕೆ ಅಪಾಯವಾಗುವ ಈ ಇಕ್ಕಟ್ಟನ್ನು ನಮ್ಮ ಕ್ಷೇತ್ರಕಾರ್ಯದ ಕೈಪಿಡಿಗಳು ಸಾಕಷ್ಟು ಚರ್ಚಿಸಿಲ್ಲವೆಂಬುದು ನನ್ನ ಅಭಿಪ್ರಾಯ.

ಇನ್ನೂ ಜಟಿಲವಾದುದು ಲಂಬಾಣಿಯ ಪ್ರಶ್ನೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಪೂಜಿಸುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ಲಂಬಾಣಿ ಇಂಡೋ-ಆರ್ಯನ್ ಭಾಷೆ; ಅದಕ್ಕೆ ಸ್ವಂತ ಲಿಪಿಯಿಲ್ಲ. 2011ರ ಜನಗಣತಿಯಲ್ಲಿ 'ಲಮಾಣಿ/ಲಂಬಾಡಿ' ಎಂದು ಹೇಳಿಕೊಂಡ 32 ಲಕ್ಷಕ್ಕೂ ಹೆಚ್ಚು ಜನರನ್ನು ಹಿಂದಿಯ ಅಡಿಯಲ್ಲಿ ಎಣಿಸಲಾಗಿದೆ. ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಅದು ಸೇರಿಲ್ಲ.

ಈ ಕೊನೆಯ ಸಂಗತಿಗೆ ಈಗ ಹೊಸ ಪರಿಣಾಮವೊಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರಬೇಕು. ಅದಕ್ಕೆ ಮುನ್ನ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆ ವ್ಯಕ್ತಿಗೆ ಇರಬೇಕು. ಅಂದರೆ ಲಂಬಾಣಿಯಲ್ಲಿ ಹಾಡಿದ ಅಜ್ಜಿಗೆ ಕನ್ನಡದ ಪತ್ರ ಓದಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸೂಚನೆಯ ಭಾಷೆಯ ಮಟ್ಟಿಗೆ ಕಾನೂನು ಪಾಲನೆಯಾಯಿತು. 'ತಿಳಿದು' ಎಂಬ ಪದಕ್ಕೆ ಅರ್ಥ ಉಳಿಯಿತೇ? ಸಂಶೋಧನೆಗೆ ಇದೇ ಕಾಯ್ದೆ ಷರತ್ತುಬದ್ಧ ವಿನಾಯಿತಿಯನ್ನೂ ಕೊಡುತ್ತದೆ. ಆದರೆ ಪಿಎಚ್‌.ಡಿ. ಪ್ರಬಂಧಕ್ಕೆಂದು ಕೂಡಿಸಿದ ಧ್ವನಿ ಮುಂದೆ ವಾಣಿಜ್ಯ ಮಾದರಿಯೊಂದರ ತರಬೇತಿಗೆ ಹೋದಾಗ ಆ ವಿನಾಯಿತಿಯ ನೆಪ ಹೇಳುವುದು ನ್ಯಾಯವಲ್ಲ.

ಜಾತ್ರೆಯ ಹಾಡುಗಳದ್ದು ಬೇರೆಯೇ ಕಥೆ. ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ದತ್ತಾಂಶಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ಸೇವಾಲಾಲ್ ಜಯಂತಿಯಲ್ಲಿ ಹೆಂಗಸರು ಹಾಡಿದ್ದನ್ನು ಯಾತ್ರಿಕನೊಬ್ಬ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸಿದರೆ, ಅದನ್ನು ಹಾಡಿದವರೇ ಸಾರ್ವಜನಿಕಗೊಳಿಸಿದರೆಂದು ಹೇಳಲಾಗದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಗಾಯಕರಿಗೆ ಪ್ರದರ್ಶಕರ ಹಕ್ಕೂ ಇದೆ. ಅಂತರಜಾಲದಿಂದ ಧ್ವನಿಯನ್ನು ಬಾಚಿಕೊಳ್ಳುವ ತಂತ್ರಾಂಶಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ.

ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ಕಾಗದದ ಮೇಲಿದೆ. ಧ್ವನಿಕಡತವನ್ನು ಅಳಿಸಬಹುದು, ತರಬೇತಿ ಮುಗಿಸಿದ ಮಾದರಿಯಿಂದ ಒಬ್ಬರ ಪಾಲನ್ನು ಬೇರ್ಪಡಿಸುವುದು ಬಹಳ ಕಷ್ಟ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಒಮ್ಮೆ ಬಿಟ್ಟುಕೊಟ್ಟದ್ದನ್ನು, ಪಡೆದವರು ಷರತ್ತು ಪಾಲಿಸುವವರೆಗೆ, ಹಿಂದಕ್ಕೆ ಕರೆಯಲೂ ಆಗದು. ನ್ಯೂಜಿಲೆಂಡಿನ ತೆ ಹಿಕು ಮೀಡಿಯಾ ಬೇರೆ ದಾರಿ ಹಿಡಿಯಿತು. 2018ರಲ್ಲಿ ಹತ್ತೇ ದಿನಗಳಲ್ಲಿ 300 ಗಂಟೆಗಳಿಗೂ ಹೆಚ್ಚು ಮಾವೊರಿ ಧ್ವನಿಯನ್ನು ಕೂಡಿಸಿದ ಅದು, ದತ್ತಾಂಶವನ್ನು ಸಮುದಾಯದ ಪಾಲನೆಯಲ್ಲೇ ಉಳಿಸುವ ಪರವಾನಗಿಯನ್ನು ರೂಪಿಸಿಕೊಂಡಿತು.

ನಮ್ಮ ತಾಲ್ಲೂಕುಗಳಲ್ಲಿ ತಕ್ಷಣಕ್ಕೆ ಸಾಧ್ಯವಾದದ್ದು ಇಷ್ಟು: ಸೂಚನೆಯನ್ನು ಲಂಬಾಣಿಯಲ್ಲಿ ಬಾಯಿಮಾತಿನಲ್ಲೇ ಹೇಳಿ, ಉತ್ತರವನ್ನೂ ಮುದ್ರಿಸಿಕೊಳ್ಳುವುದು, ಪ್ರಬಂಧಕ್ಕೆ ಒಂದು, ಯಂತ್ರದ ತರಬೇತಿಗೆ ಇನ್ನೊಂದು ಎಂದು ಒಪ್ಪಿಗೆಯನ್ನು ಬೇರೆಬೇರೆಯಾಗಿ ಕೇಳುವುದು, ತಾಲ್ಲೂಕಿನ ಹೆಸರನ್ನು ಪ್ರಕಟಿಸಿ, ತಾಂಡಾದ ಹೆಸರನ್ನು ಸಂಶೋಧಕರಿಗೆ ಮಾತ್ರ ತೆರೆಯುವುದು. ಎರಡನೆಯ ಪ್ರಶ್ನೆಗೆ ಬೇಡವೆಂದವರ ಧ್ವನಿಯನ್ನು ಮುಕ್ತ ಭಂಡಾರಕ್ಕೆ ಸೇರಿಸಬಾರದು, ಅದರಿಂದ ನಮ್ಮ ಸಂಗ್ರಹ ಎಷ್ಟೇ ಕುಗ್ಗಿದರೂ.