ಒಂದು ಚಮಚ ಹೆಪ್ಪು

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ನೆರೆಯವರಿಗೆ ಹೆಪ್ಪು ಕೊಡುತ್ತಿರಲಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ ಹೊರಟುಹೋಗುವಳೆಂಬ ನಂಬಿಕೆ. ಬಾಲ್ಯದಲ್ಲಿ ನಾನು ಇದಕ್ಕೆ ನಗುತ್ತಿದ್ದೆ. ಆದರೆ ಹೆಪ್ಪನ್ನು ಸಂಪತ್ತೆಂದು ಎಣಿಸಿದ್ದರಲ್ಲಿ ತಪ್ಪೇನಿರಲಿಲ್ಲವೆಂದು ಈಗ ತೋರುತ್ತದೆ.

ಇದು ದನಕರುಗಳ ಸೀಮೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎನಿಸಿತು. ಆ ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿದೆ. ದುಡಿಮೆಗೆ ಹೆಸರಾದ ಆ ತಳಿಯ ಹಸುಗಳು ಕೊಡುವ ಹಾಲು ಅಲ್ಪ. ಅಲ್ಪವಾದ ಹಾಲು ಕೆಡದೆ ಉಳಿಯಬೇಕಾದರೆ ಹೆಪ್ಪು ಚೆನ್ನಾಗಿರಬೇಕು.

ಹೆಪ್ಪೆಂದರೆ ನಿನ್ನೆಯ ಮೊಸರು. ಅದರಲ್ಲಿ ಕೋಟಿಗಟ್ಟಲೆ ಜೀವಾಣುಗಳಿವೆ. ಅವು ಹಾಲಿನ ಸಕ್ಕರೆಯನ್ನುಂಡು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಆ ಹುಳಿಗೆ ಕೇಸೀನ್ ಎಂಬ ಪ್ರೋಟೀನು ಗಟ್ಟಿಯಾಗುತ್ತದೆ. ಕಾದ ಹಾಲು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಆರಿದಾಗ, ಎಂದರೆ ಬೆರಳು ಅದ್ದಿದರೆ ಹಿತವೆನಿಸುವಾಗ, ಹೆಪ್ಪು ಹಾಕಬೇಕು. ಸುಡುವ ಹಾಲಿನಲ್ಲಿ ಜೀವಾಣುಗಳು ಸಾಯುತ್ತವೆ. ತಣ್ಣನೆಯ ಹಾಲಿನಲ್ಲಿ ಮಂಕಾಗುತ್ತವೆ.

ಬಿಯರ್ ತಯಾರಿಸುವವರ ಕಷ್ಟವೂ ಇಂಥದೇ. ಹುದುಗುವಿಕೆ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ನಿಂತ ಈಸ್ಟನ್ನು ಅವರು ಮುಂದಿನ ಸಲಕ್ಕೆ ಎತ್ತಿಡುತ್ತಾರೆ. ಪದೇ ಪದೇ ಬಳಸಿದಂತೆ ಬೇಡದ ಜೀವಿಗಳು ಸೇರಿ ರುಚಿ ಕೆಡುವುದುಂಟು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕೋಶದಿಂದ ಶುದ್ಧ ಈಸ್ಟನ್ನು ಬೆಳೆಸಿ ಇದಕ್ಕೆ ದಾರಿ ತೋರಿದನು. ಸೊರಗಿದ ಈಸ್ಟನ್ನು ಬಲ್ಲವರು ಒಮ್ಮೆಗೇ ದೊಡ್ಡ ಪಾತ್ರೆಗೆ ಹಾಕುವುದಿಲ್ಲ. ಕುದಿಸಿ ಆರಿಸಿದ ಸ್ವಲ್ಪ ಮಾಲ್ಟ್ ರಸದಲ್ಲಿ ಮೊದಲು ಚೇತರಿಸಿಕೊಳ್ಳಲು ಬಿಡುತ್ತಾರೆ.

ನನ್ನ ತಾಯಿ ಹಾನ್ಸೆನ್ನನ ಹೆಸರು ಕೇಳಿದವಳಲ್ಲ. ಆದರೆ ಮಾಗಿಯ ಚಳಿಯಲ್ಲಿ ಹೆಪ್ಪು ಸೊರಗಿದರೆ ಅದನ್ನು ಮೊದಲು ಒಂದೇ ಲೋಟ ಬೆಚ್ಚನೆಯ ಹಾಲಿಗೆ ಹಾಕಿ, ಒಲೆಯ ಬದಿಯಲ್ಲಿಡುತ್ತಿದ್ದಳು. ಅದು ಗಟ್ಟಿಯಾಗಿ, ಹದವಾದ ಹುಳಿ ಬಂದರೆ ಮಾತ್ರ ಮರುದಿನ ದೊಡ್ಡ ಪಾತ್ರೆಗೆ ಬಳಸುವಳು. ಲೋಳೆಯಾದ, ಕೆಟ್ಟ ವಾಸನೆಯ ಮೊಸರನ್ನು ಹೆಪ್ಪಿಗೆ ಇಡುತ್ತಿರಲಿಲ್ಲ.

ಅವಳು ತೀರಿಕೊಂಡ ದಿನಗಳಲ್ಲಿ ನಮ್ಮ ಮನೆಯಲ್ಲಿ ಹಾಲು ಕಾಯಿಸುವವರಿರಲಿಲ್ಲ, ಹೆಪ್ಪು ಕೆಟ್ಟುಹೋಯಿತು. ಅವಳ ಕೈಯಿಂದ ಉಳಿದುಬಂದ ಅದೊಂದೂ ಹೋಯಿತಲ್ಲಾ ಎಂದು ಮನಸ್ಸು ಕಲಕಿತು. ಸೂತಕ ಕಳೆದ ಮೇಲೆ ನೆರೆಮನೆಯ ಅಜ್ಜಿ ಬಟ್ಟಲೊಂದನ್ನು ತಂದು, “ತಗೋ ಮಗಾ, ಇದು ನಿಮ್ಮವ್ವನ ಹೆಪ್ಪೇ. ಹೋದ ದೀಪಾವಳೀಲಿ ನಮ್ದು ಕೆಟ್ಟಿತ್ತು, ಅವಳೇ ಕೊಟ್ಟಿದ್ಲು” ಎಂದರು.

ಮರುದಿನ ಬೆಳಗ್ಗೆ ಮುಚ್ಚಳ ತೆರೆದಾಗ ಮೊಸರು ಗಟ್ಟಿಯಾಗಿ ನಿಂತಿತ್ತು. ತಾನೇ ಇಟ್ಟುಕೊಂಡ ಹೆಪ್ಪು ಒಂದು ಮನೆಯಲ್ಲಿ ಕೆಟ್ಟರೆ ಮುಗಿಯಿತು. ಕೊಟ್ಟ ಹೆಪ್ಪು ನಾಲ್ಕು ಮನೆಗಳಲ್ಲಿ ಬದುಕಿರುತ್ತದೆ. ಈಗ ದೀಪ ಹಚ್ಚಿದ ಮೇಲೆ ಯಾರಾದರೂ ಬಂದು ಕೇಳಿದರೂ ನಾನು ಇಲ್ಲವೆನ್ನುವುದಿಲ್ಲ.