ಗಿಡ ನೆಡುವ ಮುನ್ನ

ಮನೆ ಕಟ್ಟುವಾಗ ನಾವು ನಕ್ಷೆ ಬರೆಸುತ್ತೇವೆ. ಒಂದು ಕಿಟಕಿಯ ಅಳತೆಗಾಗಿ ಮನೆಮಂದಿಯೆಲ್ಲ ಕೂತು ಚರ್ಚಿಸುತ್ತೇವೆ. ಮನೆಯ ಸುತ್ತ ಉಳಿದ ನೆಲಕ್ಕೆ ಮಾತ್ರ ಯಾವ ನಕ್ಷೆಯೂ ಇಲ್ಲ. ನರ್ಸರಿಗೆ ಹೋಗಿ, ಅಂದು ಹೂಬಿಟ್ಟು ಕಣ್ಸೆಳೆದ ನಾಲ್ಕು ಗಿಡಗಳನ್ನು ತಂದು, ಖಾಲಿ ಕಂಡಲ್ಲಿ ಗುಳಿ ತೋಡಿ ನೆಟ್ಟುಬಿಡುತ್ತೇವೆ. ಗೋಡೆ ಕಟ್ಟಿದಷ್ಟೇ ಇರುತ್ತದೆ, ಗಿಡ ಬೆಳೆಯುತ್ತದೆ ಎಂಬ ಸರಳ ಸಂಗತಿ ಆಗ ನೆನಪಿಗೆ ಬರುವುದೇ ಇಲ್ಲ.

ಈ ಮರೆವಿನ ಬೆಲೆಯನ್ನು ನಾನೂ ತೆತ್ತಿದ್ದೇನೆ. ಹೊಸ ಮನೆಗೆ ಬಂದ ವರ್ಷ, ಪಡುವಣ ಗೋಡೆಯಿಂದ ಐದೇ ಅಡಿ ದೂರದಲ್ಲಿ ಒಂದು ಗುಲ್‌ಮೊಹರ್ ನೆಟ್ಟೆ. ಕೆಲವೇ ವರ್ಷಗಳಲ್ಲಿ ಅದು ಮಾಡಿನ ಮೇಲಕ್ಕೆ ಹರಡಿತು. ಮಧ್ಯಾಹ್ನದ ಹೊತ್ತು ನನ್ನ ತಾಯಿ ಅದರ ನೆರಳಲ್ಲಿ ಮೊರ ಹಿಡಿದು ಕೂರುತ್ತಿದ್ದರು. ಆಮೇಲೆ ಬೇರು ಪಾಯದತ್ತ ಸರಿಯಿತು, ಗೋಡೆ ಬಿರಿಯಿತು, ಒಂದು ಗಾಳಿಮಳೆಗೆ ದೊಡ್ಡ ಕೊಂಬೆಯೊಂದು ಮುರಿದು ಹೆಂಚಿನ ಮೇಲೆ ಬಿತ್ತು. ಮರವನ್ನು ಕಡಿಸಿದೆವು. ಅಂದು ತಾಯಿ ಹೊರಗೆ ಬರಲಿಲ್ಲ. ತಪ್ಪು ಮರದ್ದಲ್ಲ, ಅದಕ್ಕೆ ಜಾಗ ತೋರಿಸಿದ ನನ್ನದು.

ಉದ್ಯಾನ ವಿನ್ಯಾಸದ ಮೊದಲ ಪಾಠ ನೆಡುವುದಲ್ಲ, ನೋಡುವುದು. ಬಿಸಿಲು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ, ಮಳೆಯ ನೀರು ಯಾವ ಮೂಲೆಗೆ ಹರಿಯುತ್ತದೆ, ಗಾಳಿ ಯಾವ ಕಡೆಯದು, ಮನೆಯವರ ಕಾಲು ತಾನಾಗಿ ಯಾವ ಹಾದಿ ಹಿಡಿಯುತ್ತದೆ ಎಂಬುದನ್ನು ಒಂದು ವರ್ಷ ಗಮನಿಸಿದರೂ ತಡವೇನಲ್ಲ. ನಮ್ಮ ಸೀಮೆಯಲ್ಲಿ ಮಾಗಿಯ ಸೂರ್ಯ ದಕ್ಷಿಣಕ್ಕೆ ವಾಲಿ ನಡೆಯುತ್ತಾನೆ. ಬೇಸಗೆಯಲ್ಲಿ ನೆತ್ತಿಯ ಮೇಲೆ ಸಾಗಿ, ಇಳಿಹೊತ್ತಿನಲ್ಲಿ ಪಡುವಣ ಗೋಡೆಯನ್ನು ಕಾಯಿಸುತ್ತಾನೆ. ಆದ್ದರಿಂದ ನೆರಳಿನ ಮರಕ್ಕೆ ಪಡುವಣವೇ ಸರಿಯಾದ ದಿಕ್ಕು. ದಿಕ್ಕಿನಲ್ಲಿ ನಾನು ತಪ್ಪಿರಲಿಲ್ಲ. ತಪ್ಪಿದ್ದು ದೂರದಲ್ಲಿ ಮತ್ತು ಜಾತಿಯಲ್ಲಿ. ಪೂರ್ತಿ ಬೆಳೆದ ಮರದ ಕೊಡೆ ಎಷ್ಟು ಅಗಲವೋ ಅದರ ಅರ್ಧದಷ್ಟಾದರೂ ಗೋಡೆಯಿಂದ ದೂರವಿರಬೇಕು.

ಎರಡನೆಯ ಪಾಠ ಬಯಲಿಗೆ ಬೆಲೆ ಕೊಡುವುದು. ಸಂಗೀತದಲ್ಲಿ ಮೌನಕ್ಕಿರುವ ಸ್ಥಾನ ತೋಟದಲ್ಲಿ ಬರಿಯ ನೆಲಕ್ಕಿದೆ. ನಡುವೆ ಬಯಲು, ಅಂಚಿಗೆ ಹಸುರು. ಹಿಂದೆ ಎತ್ತರದ ಮರ, ಅದರ ಮುಂದೆ ದಾಸವಾಳ, ನಂದಿಬಟ್ಟಲುಗಳಂಥ ಪೊದೆ, ಎಲ್ಲಕ್ಕೂ ಮುಂದೆ ನೆಲಕ್ಕಂಟಿದ ಗಿಡ. ಈ ಮೂರು ಮೆಟ್ಟಿಲುಗಳಿದ್ದರೆ ಚಿಕ್ಕ ಅಂಗಳವೂ ವಿಸ್ತಾರವಾಗಿ ಕಾಣುತ್ತದೆ. ಹತ್ತು ಜಾತಿಯ ಒಂದೊಂದು ಗಿಡಕ್ಕಿಂತ ಮೂರು ಜಾತಿಯ ಮೂರು ಮೂರು ಗಿಡ ಕಣ್ಣಿಗೆ ಹೆಚ್ಚು ನೆಮ್ಮದಿ ಕೊಡುತ್ತದೆ.

ಇನ್ನು ಆಯ್ಕೆಯ ಮಾತು. ಇದಕ್ಕೆ ಬೆಂಗಳೂರಿನ ಬೀದಿಗಳೇ ಪಠ್ಯಪುಸ್ತಕ. ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾ ಸಂಸ್ಥಾನದಲ್ಲಿ ದುಡಿದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತವರು ಜಿ. ಎಚ್. ಕ್ರುಂಬಿಗಲ್. 1956ರಲ್ಲಿ ಬೆಂಗಳೂರಿನಲ್ಲೇ ಅವರು ಕಣ್ಮುಚ್ಚಿದರು. ಸರದಿಯ ಮೇಲೆ ಹೂಬಿಡುವ ಬೀದಿಮರಗಳ ಕಲ್ಪನೆ ಅವರ ಹೆಸರಿನೊಡನೆ ಸೇರಿಕೊಂಡಿದೆ. ವರ್ಷದ ಮೊದಲಲ್ಲಿ ಟಬೂಬಿಯಾ, ಅದರ ಬೆನ್ನಿಗೆ ಜಕರಾಂಡ, ಬೇಸಗೆಯಲ್ಲಿ ಗುಲ್‌ಮೊಹರ್, ಕಕ್ಕೆ, ಹೊಳೆದಾಸವಾಳ, ಮಳೆ ಹಿಂದಾಗುವಾಗ ಆಕಾಶಮಲ್ಲಿಗೆ: ಒಂದು ಬಾಡುವ ಹೊತ್ತಿಗೆ ಇನ್ನೊಂದು. ಹೂವಿನ ಬಣ್ಣಕ್ಕಿಂತ ಹೂವಿನ ಕಾಲವನ್ನು ಮೊದಲು ಯೋಚಿಸಿದ ಜಾಣ್ಮೆ ಇದು.

ಈ ಪಟ್ಟಿಯಲ್ಲಿ ದೂರದೇಶದವೂ ಇವೆ, ನಮ್ಮ ಕಾಡಿನವೂ ಇವೆ. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಅದರ ಬೇರು ಮೇಲುಮೇಲಕ್ಕೆ ಹರಡುತ್ತದೆ, ಕೊಂಬೆ ಪೆಡಸು. ವಿಶಾಲವಾದ ಬಯಲಿನಲ್ಲಿ ಅದು ಚೆಲುವೆ, ಕಿರಿದಾದ ಅಂಗಳದಲ್ಲಿ ಅಪಾಯ. ಪಾರಿಜಾತ, ಕರಿಬೇವು, ದಾಳಿಂಬೆ ಚಿಕ್ಕ ಅಂಗಳಕ್ಕೆ ಒಗ್ಗುತ್ತವೆ. ಕಣಗಿಲೆ ನೀರಿಲ್ಲದೆಯೂ ಬದುಕೀತು. ಆದರೆ ಅದು ವಿಷದ ಗಿಡ, ಪುಟ್ಟ ಮಕ್ಕಳಿರುವ ಮನೆಗೆ ಬೇಡ. ಹುಲ್ಲುಹಾಸು ಕಣ್ಣಿಗೆ ತಂಪು, ಬಾವಿಗೆ ಭಾರ. ಬೇಸಗೆಯ ನೀರು ಎಷ್ಟಿದೆಯೋ ಅಷ್ಟೇ ತೋಟವಿರಲಿ.

ನೆಡುವ ಕಾಲ ಮುಂಗಾರಿನ ಮೊದಲ ಮಳೆಗಳ ಹಿಂದೆಯೇ. ಗುಳಿಯನ್ನು ಮೊದಲೇ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬಿ. ಬುಡಕ್ಕೆ ತರಗೆಲೆ ಹೊದಿಸಿದರೆ ತೇವ ಆರದು. ಆದರೆ ಅದು ಕಾಂಡಕ್ಕೆ ತಾಗದಿರಲಿ. ಮೊದಲೆರಡು ಬೇಸಗೆಗಳಲ್ಲಿ ನೀರು ತಪ್ಪಿಸಬಾರದು.

ಗುಲ್‌ಮೊಹರ್ ಹೋದ ಮರುವರ್ಷ, ಅದೇ ಪಡುವಣದಲ್ಲಿ, ಗೋಡೆಯಿಂದ ಇಪ್ಪತ್ತೈದು ಹೆಜ್ಜೆ ಅಳೆದು, ಒಂದು ಹೊಂಗೆಯ ಸಸಿ ನೆಟ್ಟೆ. ಬೇಸಗೆ ಬಲಿಯುವ ಮೊದಲೇ ಚಿಗುರಿ, ಸುಡುಬಿಸಿಲಿನ ಹೊತ್ತಿಗೆ ನೆರಳು ಹಿಡಿಯುವ ಮರ ಅದು. ಹೊಂಗೆಯ ನೆರಳು ತಾಯ ಮಡಿಲಿನಷ್ಟು ತಂಪೆಂದು ನಮ್ಮ ಹಳ್ಳಿಯವರು ಸುಮ್ಮನೆ ಹೇಳಿದ್ದಲ್ಲ. ಸಸಿಗೆ ಮೊದಲ ತಂಬಿಗೆ ನೀರು ಹಾಕಿದವರು ನನ್ನ ತಾಯಿಯೇ. ಅದು ನೆರಳು ಕೊಡುವಷ್ಟು ಬೆಳೆಯುವ ಹೊತ್ತಿಗೆ ಅವರಿರಲಿಲ್ಲ. ಈಗ ಅದರ ಕೆಳಗೆ ನನ್ನ ಮೊಮ್ಮಗಳು ಆಡುತ್ತಾಳೆ. ಗಿಡ ನೆಡುವ ಮುನ್ನ ಒಂದು ವರ್ಷ ಯೋಚಿಸಿ ಎಂದದ್ದು ಇದಕ್ಕಾಗಿ.